ಕುಂಬಳಕಾಯಿ ಕೇಳಿದ ಕುಲಪತಿ

ಆಯುಧಪೂಜೆಯ ದಿನ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳ ಸದ್ದು ಅಡಗಿರುತ್ತದೆ. ಹಿಂದಿನ ಸಂಜೆಯೇ ಶೆಡ್ಡಿನ ನೆಲ ತೊಳೆದು, ಲೇತಿನ ಮೇಲಿನ ಎಣ್ಣೆ ಜಿಡ್ಡು ಒರೆಸಿ, ಕಂಪ್ರೆಸರಿಗೆ ವಿಭೂತಿ ಪಟ್ಟೆ ಬಳಿದಿರುತ್ತಾರೆ. ಬಾಗಿಲಿಗೆ ಬಾಳೆಕಂದು, ಮೋಟರಿಗೆ ಚೆಂಡುಹೂವಿನ ಹಾರ. ಸ್ಪ್ಯಾನರು, ಡ್ರಿಲ್ ಬಿಟ್ಟು, ವರ್ನಿಯರ್ ಕ್ಯಾಲಿಪರು, ಮೈಕ್ರೋಮೀಟರು ಎಲ್ಲವನ್ನೂ ಹೊಸ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಒಂದೊಂದಕ್ಕೂ ಕುಂಕುಮ ಇಡುತ್ತಾರೆ. ಕೊನೆಗೆ ಗೇಟಿನ ಮುಂದೆ ಬೂದುಗುಂಬಳಕ್ಕೆ ತೂತು ಕೊರೆದು, ಒಳಗೆ ಕುಂಕುಮ, ಚಿಲ್ಲರೆ ಕಾಸು ತುಂಬಿ, ದೃಷ್ಟಿ ತೆಗೆದು ಒಡೆಯುತ್ತಾರೆ. ಕಡ್ಲೆಪುರಿ, ಸಿಹಿ ಹಂಚಿ ಎಲ್ಲರೂ ಮನೆಗೆ ಹೋಗುತ್ತಾರೆ.

ರಜೆ ಮುಗಿಸಿ ಬಂದ ಮೇಲೆ ಅದೇ ಮೈಕ್ರೋಮೀಟರನ್ನು ಹಿಡಿದು ಶಾಫ್ಟಿನ ದಪ್ಪ ಅಳೆಯುತ್ತಾರೆ. ಕುಂಕುಮದ ಗುರುತು ಇನ್ನೂ ಮಾಸಿರುವುದಿಲ್ಲ. ಡ್ರಾಯಿಂಗಿನಲ್ಲಿ ಕೊಟ್ಟ ಮಿತಿಗಿಂತ 0.01 ಮಿಲಿಮೀಟರ್ ಹೆಚ್ಚಾದರೂ ಆ ಪೀಸು ರಿಜೆಕ್ಟ್. ಪೂಜೆ ಸಾಂಗವಾಗಿ ನಡೆದಿದೆ, ಈ ಸಲ ಬಿಟ್ಟುಬಿಡಿ ಎಂದು ಯಾರೂ ಕೇಳುವುದಿಲ್ಲ. ಕುಂಕುಮ ಇಟ್ಟ ಕೈಯೇ ರಿಜೆಕ್ಟ್ ಚೀಟಿಯನ್ನೂ ಬರೆಯುತ್ತದೆ.

ಇಲ್ಲಿಂದ ಅನತಿ ದೂರದಲ್ಲಿ, ಮಾರತ್‌ಹಳ್ಳಿ ಕಡೆಯ ಹೊರವರ್ತುಲ ರಸ್ತೆಯ ಪಕ್ಕ, ಇಸ್ರೊದ ಉಪಗ್ರಹ ಜೋಡಣೆ ಮತ್ತು ಪರೀಕ್ಷಾ ಕೇಂದ್ರವಿದೆ. ಉಡಾವಣೆಗೆ ಮುನ್ನ ಇಸ್ರೊ ತಂಡ ನೌಕೆಯ ಪುಟ್ಟ ಮಾದರಿಯನ್ನು ತಿರುಮಲಕ್ಕೆ ಒಯ್ದು ಪೂಜೆ ಮಾಡಿಸುವ ಚಿತ್ರಗಳನ್ನು ನಾವು ಪತ್ರಿಕೆಗಳಲ್ಲಿ ನೋಡುತ್ತಲೇ ಇರುತ್ತೇವೆ. ವಿಜ್ಞಾನಿಗಳಾಗಿ ಹೀಗೇಕೆ ಎಂದು ಕೆಲವರು ಸಿಡಿಮಿಡಿಗೊಳ್ಳುತ್ತಾರೆ. ನೋಡಿದಿರಾ, ವಿಜ್ಞಾನಿಗಳೇ ನಂಬುತ್ತಾರೆ ಎಂದು ಇನ್ನು ಕೆಲವರು ಎದೆಯುಬ್ಬಿಸುತ್ತಾರೆ. ಇಬ್ಬರೂ ಮುಖ್ಯವಾದ ಸಂಗತಿಯೊಂದನ್ನು ಬಿಟ್ಟುಬಿಡುತ್ತಾರೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿದಾಗ ಯಾವ ಗ್ರಹದ ಕಾಟವಿತ್ತೆಂದು ಇಸ್ರೊ ಹುಡುಕಲಿಲ್ಲ. ಎಂಜಿನ್ನುಗಳ ನೂಕುಬಲ ಎಲ್ಲಿ ಹೆಚ್ಚಾಯಿತು, ದಿಕ್ಕು ತಿದ್ದುವ ತಂತ್ರಾಂಶ ಎಲ್ಲಿ ಎಡವಿತು ಎಂಬುದನ್ನು ಒಂದೊಂದಾಗಿ ಪತ್ತೆಹಚ್ಚಿದರು. 500 ಮೀಟರ್ ಉದ್ದಗಲದ ಇಳಿದಾಣವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಸೇರಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಮೆಲ್ಲನೆ ಇಳಿಯಿತು.

ನಂಬಿಕೆ ಇರಲಿ ಇಲ್ಲದಿರಲಿ, ವಸ್ತುವಿನ ಬಗ್ಗೆ ಮಾತು ಬಂದಾಗ ಪ್ರಮಾಣ ಕೇಳಬೇಕು. ದೇವರ ಇರವನ್ನು ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ನನ್ನಲ್ಲಿ ಸಾಕಷ್ಟು ಆಧಾರವಿಲ್ಲ ಎನ್ನುವ ಅಜ್ಞೇಯವಾದಿಯನ್ನು ಎರಡು ದೋಣಿಯಲ್ಲಿ ಕಾಲಿಟ್ಟವನೆಂದು ಆಡಿಕೊಳ್ಳುವುದುಂಟು. ಅದು ನ್ಯಾಯವಲ್ಲ. ಯಾವ ಮಾತನ್ನು ಪರೀಕ್ಷೆಗೆ ಒಡ್ಡಬಹುದು, ಯಾವುದನ್ನು ಒಡ್ಡಲಾಗದು ಎಂದು ಗೆರೆ ಎಳೆಯುವ ಕಷ್ಟದ ಕೆಲಸವನ್ನು ಆತ ಮಾಡುತ್ತಿರುತ್ತಾನೆ. ಆ ಗೆರೆಯನ್ನು ನಮ್ಮ ನಾಡಿನಲ್ಲಿ ಎಲ್ಲರಿಗೂ ಕಾಣುವಂತೆ ಎಳೆದ ಪ್ರಸಂಗ ದೊಡ್ಡನೆಕ್ಕುಂದಿಯ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದ ಕಾಡುಗೋಡಿಗೆ ಸಂಬಂಧಿಸಿದ್ದು.

ಕಾಡುಗೋಡಿಯಲ್ಲಿ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರ ಬೃಂದಾವನ ಆಶ್ರಮವಿದೆ. ಅಲ್ಲಿ ದರ್ಶನಕ್ಕೆ ಸೇರಿದವರ ಕೈಗೆ ಗಾಳಿಯಿಂದ ವಿಭೂತಿ ಬಂತು, ಉಂಗುರ ಬಂತು, ಕೈಗಡಿಯಾರ ಬಂತು ಎಂಬ ಮಾತು ಎಪ್ಪತ್ತರ ದಶಕದಲ್ಲಿ ಮನೆಮಾತಾಗಿತ್ತು. ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಡಾ. ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿ, ಓದುವುದಕ್ಕಾಗಿ ಬೆಂಗಳೂರಿಗೆ ನಡೆದೇ ಬಂದವರು. 1942ರ ಚಳವಳಿಯಲ್ಲಿ ಜೈಲು ಕಂಡವರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದು ಬಂದ ಮೇಲೂ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ ಬಿಡದೆ, ಮದುವೆಯಾಗದೆ, ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ ಬಾಳಿದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಿಜ್ಞಾನದ ಉಪನ್ಯಾಸಗಳನ್ನು ಸಾಮಾನ್ಯ ಜನರ ಮುಂದೆ ತಂದವರು.

ಈ ಎಚ್ಚೆನ್ 1976ರಲ್ಲಿ ಪವಾಡಗಳನ್ನೂ ಪರಿಶೀಲನೆಗೆ ಸಿಗುವಂಥ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ವಿಶ್ವವಿದ್ಯಾಲಯದಲ್ಲಿ ತಮ್ಮದೇ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚಿಸಿದರು. ಸಮಿತಿ ತನಗೆ ಹಾಕಿಕೊಂಡ ಎಲ್ಲೆಯನ್ನು ಗಮನಿಸಬೇಕು. ದೇವರಿದ್ದಾನೆಯೇ, ಆತ್ಮ ಅಮರವೇ, ಮೋಕ್ಷ ಉಂಟೇ ಎಂಬ ಪ್ರಶ್ನೆಗಳಿಗೆ ಅದು ಕೈ ಹಾಕಲಿಲ್ಲ. ಪರಿಶೀಲಿಸಬಹುದಾದದ್ದನ್ನು ಮಾತ್ರ ಪರಿಶೀಲಿಸುತ್ತೇವೆ ಎಂದಿತು. ಮಂಡ್ಯ ಜಿಲ್ಲೆಯ ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಬಾಲಕನೊಬ್ಬನನ್ನು ಸಮಿತಿ ಹೋಗಿ ನೋಡಿದಾಗ ವಿಭೂತಿ ಅವನ ಬಟ್ಟೆಯೊಳಗೆ ಅಡಗಿಸಿದ್ದು ಗೊತ್ತಾಯಿತು. ಅದು ಸುಲಭದ ಕೆಲಸ. ಆ ಎಳೆಯನ ಮೇಲೆ ನನಗೆ ಸಿಟ್ಟಿಲ್ಲ, ಮರುಕವಿದೆ.

ಕಷ್ಟದ ಕೆಲಸ ಸಾಯಿಬಾಬಾ ಅವರದು. ನಿಯಂತ್ರಿತ ಸನ್ನಿವೇಶದಲ್ಲಿ ನಿಮ್ಮ ಪವಾಡಗಳನ್ನು ತೋರಿಸಿ ಎಂದು ಎಚ್ಚೆನ್ ಬಾಬಾ ಅವರಿಗೆ ಮೂರು ಪತ್ರ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ. ಉಂಗುರ, ವಿಭೂತಿಯೇ ಏಕೆ, ಒಂದು ಕುಂಬಳಕಾಯಿ ಸೃಷ್ಟಿಸಿ ತೋರಿಸಲಿ ಎಂದು ಎಚ್ಚೆನ್ ಕೇಳುತ್ತಿದ್ದುದನ್ನು ಹಳಬರು ಈಗಲೂ ನೆನೆಯುತ್ತಾರೆ. ಕೇಳಿದವರು ನಗುತ್ತಿದ್ದರು. ನನಗಂತೂ ಅದು ಒಬ್ಬ ಪ್ರಯೋಗಶೀಲ ಭೌತವಿಜ್ಞಾನಿ ತುಂಬ ಯೋಚಿಸಿ ಆಡಿದ ಮಾತೆನಿಸುತ್ತದೆ.

ಏಕೆಂದು ಹೇಳುತ್ತೇನೆ. ಶೂನ್ಯದಿಂದ ವಸ್ತು ಹುಟ್ಟಿಸುವ ಶಕ್ತಿ ಇದ್ದವರಿಗೆ ಗಾತ್ರ ತೊಡಕಾಗಬಾರದು. ಕೈಚಳಕದಿಂದ ತೋರಿಸುವವರಿಗೆ ಗಾತ್ರವೇ ದೊಡ್ಡ ತೊಡಕು, ಏಕೆಂದರೆ ವಸ್ತುವನ್ನು ತೋಳಿನಲ್ಲೋ ಬೆರಳಸಂದಿಯಲ್ಲೋ ಮೊದಲೇ ಬಚ್ಚಿಡಬೇಕು. ವಿಭೂತಿ ಎರಡು ಊಹೆಗಳಿಗೂ ಒಗ್ಗುತ್ತದೆ, ಆದ್ದರಿಂದ ಅದನ್ನು ಎಷ್ಟು ಸಲ ನೋಡಿದರೂ ಏನೂ ತೀರ್ಮಾನವಾಗದು. ಕುಂಬಳಕಾಯಿ ಎರಡನ್ನೂ ಬೇರ್ಪಡಿಸುತ್ತದೆ. ಒಳ್ಳೆಯ ಪ್ರಯೋಗದ ಲಕ್ಷಣ ಇದೇ: ಎರಡು ವಿವರಣೆಗಳು ಎಲ್ಲಿ ಬೇರೆ ಬೇರೆ ಫಲ ಹೇಳುತ್ತವೆಯೋ ಅಲ್ಲಿಗೇ ಹೋಗಿ ನಿಲ್ಲುವುದು. ಬೂದಿಗೆ ಗಂಜಿ ಕಲಸಿ, ಉಂಡೆ ಕಟ್ಟಿ ಒಣಗಿಸಿ, ಹೆಬ್ಬೆರಳಿನ ಬುಡದಲ್ಲಿ ಹಿಡಿದುಕೊಂಡು, ಕೈ ಸುತ್ತಿಸುತ್ತ ಪುಡಿಮಾಡಿ ಉದುರಿಸುವುದನ್ನು ಕೊಯಮತ್ತೂರಿನ ಜಾದೂಗಾರ ಬಿ. ಪ್ರೇಮಾನಂದ್ ಊರೂರು ತಿರುಗಿ ಮಾಡಿ ತೋರಿಸಿದರು. ಹೀಗೆ ಮಾಡಲು ಬರುತ್ತದೆ ಎಂದಷ್ಟೇ ಅದರಿಂದ ಸಿದ್ಧವಾಗುತ್ತದೆ, ಇನ್ನೊಬ್ಬರು ಹೀಗೆಯೇ ಮಾಡಿದರು ಎಂದಲ್ಲ. ಆದ್ದರಿಂದಲೇ ಕುಂಬಳಕಾಯಿ ಬೇಕಾದದ್ದು.

ಶೂನ್ಯದಿಂದ ವಸ್ತು ಎಂದರೆ ಭೌತವಿಜ್ಞಾನಿಗೆ ಅದು ಎಂಥ ಮಾತು ಎಂಬುದನ್ನೂ ಲೆಕ್ಕ ಹಾಕಿ ನೋಡಬೇಕು. ಐನ್‌ಸ್ಟೈನರ ಸೂತ್ರದ ಪ್ರಕಾರ ಒಂದು ಗ್ರಾಂ ವಸ್ತುವಿಗೆ ಸಮನಾದ ಶಕ್ತಿ ಸುಮಾರು 90 ಲಕ್ಷ ಕೋಟಿ ಜೂಲ್. ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ 2.5 ಕೋಟಿ ಯೂನಿಟ್. ತಿಂಗಳಿಗೆ 200 ಯೂನಿಟ್ ಬಳಸುವ ಹತ್ತು ಸಾವಿರ ಮನೆಗಳಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು. ಚಿಟಿಕೆ ವಿಭೂತಿ ನಿಜಕ್ಕೂ ಹೊಸದಾಗಿ ಹುಟ್ಟಿದ್ದರೆ ಈ ಶಕ್ತಿ ಎಲ್ಲಿಂದಲೋ ಬಂದಿರಬೇಕು. ಇಲ್ಲವಾದರೆ, ಪ್ರಯೋಗಾಲಯದಲ್ಲಿ ಇದುವರೆಗೆ ಒಮ್ಮೆಯೂ ಮುರಿಯದ ಸಂರಕ್ಷಣಾ ನಿಯಮವೊಂದು ಕಾಡುಗೋಡಿಯಲ್ಲಿ ಮುರಿದಿರಬೇಕು. ಯಾವುದಾದರೂ ಸರಿ, ಅದು ಶತಮಾನದ ಅತಿದೊಡ್ಡ ವೈಜ್ಞಾನಿಕ ಸುದ್ದಿ. ಪತ್ರ ಬರೆದ ಕುಲಪತಿ ಆ ಪವಾಡಕ್ಕೆ ಭಕ್ತರಿಗಿಂತ ಹೆಚ್ಚಿನ ಮಹತ್ವ ಕೊಟ್ಟಿದ್ದರು ಎಂದೇ ನನ್ನ ಭಾವನೆ.

ಬಾಬಾ ತಮ್ಮ ನಿಲುವನ್ನು ಬೇರೆಡೆ ವಿವರಿಸಿದರು. ಕುಲಪತಿಯ ವಿಧಾನವೇ ಸರಿಯಿಲ್ಲ, ವಿಜ್ಞಾನದ ವ್ಯಾಪ್ತಿ ಇಂದ್ರಿಯಗಳಿಗೆ ಎಟಕುವಷ್ಟಕ್ಕೇ ಸೀಮಿತ, ಅಧ್ಯಾತ್ಮ ಅದನ್ನು ಮೀರಿದ್ದು ಎಂಬುದು ಅದರ ಸಾರ. ಈ ಮಾತಿನ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಇಂದ್ರಿಯಕ್ಕೂ ಉಪಕರಣಕ್ಕೂ ಸಿಗದ್ದರ ಬಗ್ಗೆ ವಿಜ್ಞಾನ ತೀರ್ಪು ಕೊಡಲಾರದು. ಆದರೆ ವಿಭೂತಿ ಕಣ್ಣಿಗೆ ಕಾಣುತ್ತದೆ, ಕೈಗೆ ಅಂಟುತ್ತದೆ, ತಕ್ಕಡಿಯಲ್ಲಿ ತೂಗುತ್ತದೆ. ಕಾರಣ ಎಷ್ಟೇ ಅಲೌಕಿಕವಾಗಿರಲಿ, ಫಲ ಅಂಗೈ ಮೇಲೆ ಬಿದ್ದ ಕ್ಷಣವೇ ಅದು ಗೆರೆಯ ಈಚೆಗೆ ಬಂತು. ಈಚೆಗೆ ಬಂದದ್ದಕ್ಕೆ ವಿನಾಯಿತಿ ಕೊಡಲಾಗದು.

ಪತ್ರಗಳಿಗೆ ಉತ್ತರಿಸದಿದ್ದುದೇ ಪವಾಡಗಳು ಹುಸಿ ಎಂಬುದಕ್ಕೆ ಒಂದು ಸೂಚನೆ ಎಂದು ಎಚ್ಚೆನ್ ಭಾವಿಸಿದರು. ಇಲ್ಲಿ ಅವರ ಮೇಲಿನ ಗೌರವ ಇಟ್ಟುಕೊಂಡೇ ನಾನು ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಮೌನಕ್ಕೆ ನೂರು ಕಾರಣಗಳಿರಬಹುದು. ಐಸ್‌ಲ್ಯಾಂಡಿನ ಮನೋವಿಜ್ಞಾನಿ ಎರ್ಲೆಂಡುರ್ ಹಾರಾಲ್ಡ್‌ಸನ್ ಎಪ್ಪತ್ತರ ದಶಕದಿಂದ ಹಲವು ಸಲ ಬಂದು, ಬಾಬಾ ಅವರನ್ನು ಹತ್ತಿರದಿಂದ ಕಂಡು, ಅನೇಕ ಭಕ್ತರನ್ನೂ ದೂರ ಸರಿದವರನ್ನೂ ಮಾತಾಡಿಸಿ 1987ರಲ್ಲಿ ಪುಸ್ತಕ ಬರೆದರು. ಮೋಸವನ್ನು ಅವರು ಕಣ್ಣಾರೆ ಹಿಡಿಯಲಿಲ್ಲ. ನಿಯಂತ್ರಿತ ಪ್ರಯೋಗಕ್ಕೆ ಅವರಿಗೂ ಒಪ್ಪಿಗೆ ಸಿಗಲಿಲ್ಲ. ಹಾಗಾದರೆ ಲೆಕ್ಕ ಎಲ್ಲಿಗೆ ಬಂತು? ಪರೀಕ್ಷೆ ಆಗಿಲ್ಲ ಎಂಬಲ್ಲಿಗೆ. ಪರೀಕ್ಷೆಯಾಗದ ಅಸಾಧಾರಣ ಮಾತನ್ನು ಸುಳ್ಳೆಂದು ಘೋಷಿಸಬೇಕಾಗಿಲ್ಲ, ನಿಜವೆಂದು ನಡೆದುಕೊಳ್ಳಬೇಕಾಗಿಯೂ ಇಲ್ಲ. ತೋರಿಸುವ ಹೊಣೆ ಹೇಳಿದವರದು. 18ನೇ ಶತಮಾನದ ಸ್ಕಾಟ್ಲೆಂಡಿನ ದಾರ್ಶನಿಕ ಡೇವಿಡ್ ಹ್ಯೂಮ್ ಇನ್ನೂ ಖಡಕ್ಕಾಗಿ ಕೇಳಿದ್ದ: ಪ್ರಕೃತಿ ನಿಯಮ ಮುರಿಯಿತು ಎಂಬುದು ಹೆಚ್ಚು ಸಂಭವವೋ, ಹೇಳಿದವರು ತಪ್ಪಿದ್ದಾರೆ ಎಂಬುದೋ?

ವಾದ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ನಡೆಯಿತು. 1977ರ ಆಗಸ್ಟಿನಲ್ಲಿ ಸಮಿತಿಯನ್ನು ವಿಸರ್ಜಿಸಲಾಯಿತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಎನ್ನುವ 51ಎ(ಎಚ್) ವಿಧಿ ಸಂವಿಧಾನಕ್ಕೆ ಸೇರಿದ್ದೂ 1976ರ ತಿದ್ದುಪಡಿಯಲ್ಲೇ. ಕರ್ತವ್ಯ ಪುಸ್ತಕದಲ್ಲಿ ಉಳಿಯಿತು, ಅದನ್ನು ಮಾಡಹೊರಟ ಸಮಿತಿ ಉಳಿಯಲಿಲ್ಲ ಎಂಬ ನೋವು ನನಗಿದೆ.

ಇಷ್ಟು ಹೇಳಿ, ಬಾಬಾ ಮೇಲಿನ ಅದೇ ನಂಬಿಕೆ ಏನನ್ನು ಕಟ್ಟಿತೆಂದು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಮ್ಮ ನೇರಳೆ ಮೆಟ್ರೊ ಮಾರ್ಗದಲ್ಲಿ ವೈಟ್‌ಫೀಲ್ಡ್ ಕಡೆ ಹೋಗುವಾಗ ಸತ್ಯಸಾಯಿ ಆಸ್ಪತ್ರೆ ಎಂಬ ನಿಲ್ದಾಣ ಬರುತ್ತದೆ. 2001ರಲ್ಲಿ ಶುರುವಾದ ಆ ಆಸ್ಪತ್ರೆಯಲ್ಲಿ ಹೃದಯ, ಮಿದುಳಿನ ಶಸ್ತ್ರಚಿಕಿತ್ಸೆಗಳು ಉಚಿತ. ದೂರದೂರದ ಊರುಗಳಿಂದ ಬಡವರು ಬ್ಯಾಗು, ಫೈಲು ಹಿಡಿದು ಅಲ್ಲಿಗೆ ಬರುತ್ತಾರೆ. ಆ ಸೇವೆ ಕಣ್ಣೆದುರಿನ ಸತ್ಯ. ಸೇವೆ ಸತ್ಯವಾದ ಮಾತ್ರಕ್ಕೆ ಪವಾಡವೂ ಸತ್ಯವಾಗದು, ಪವಾಡ ಸಿದ್ಧವಾಗದ ಮಾತ್ರಕ್ಕೆ ಸೇವೆಯ ಬೆಲೆ ಕುಗ್ಗದು. ಅಲ್ಲಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಹೃದಯ ನಿಲ್ಲಿಸಿದಾಗ ರಕ್ತವನ್ನು ಓಡಿಸುವುದು ಹಾರ್ಟ್-ಲಂಗ್ ಯಂತ್ರವೇ.

ಆಸ್ಪತ್ರೆಯ ಹೊರಗೆ ಕೂತವರ ಪ್ರಾರ್ಥನೆ? ಅದನ್ನೂ ಪರೀಕ್ಷಿಸಿದ್ದಾರೆ. ಅಮೆರಿಕದ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗಾಗಿ ಅಪರಿಚಿತ ಭಕ್ತರು ಹದಿನಾಲ್ಕು ದಿನ ಪ್ರಾರ್ಥಿಸಿದರು, ಎರಡನೆಯದಕ್ಕಾಗಿ ಪ್ರಾರ್ಥಿಸಲಿಲ್ಲ. ತಾವು ಯಾವ ಗುಂಪಿನವರೆಂದು ಈ ಎರಡರ ರೋಗಿಗಳಿಗೂ ತಿಳಿದಿರಲಿಲ್ಲ. ಮೂರನೆಯ ಗುಂಪಿನವರಿಗೆ ನಿಮಗಾಗಿ ಪ್ರಾರ್ಥನೆ ಖಂಡಿತ ನಡೆಯುತ್ತದೆ ಎಂದು ತಿಳಿಸಿಯೇ ಪ್ರಾರ್ಥಿಸಿದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ಗುಂಪಿನಲ್ಲಿ ಶೇ 52 ಜನರಿಗೆ ತೊಡಕುಗಳು ಕಾಣಿಸಿಕೊಂಡವು, ಎರಡನೆಯದರಲ್ಲಿ ಶೇ 51, ಪ್ರಾರ್ಥನೆಯ ವಿಷಯ ಗೊತ್ತಿದ್ದವರಲ್ಲಿ ಶೇ 59. ಮೊದಲೆರಡರ ನಡುವಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. ಮೂರನೆಯ ಅಂಕಿ ಸ್ವಲ್ಪ ಹೆಚ್ಚಾದದ್ದು ಆಕಸ್ಮಿಕವೂ ಇರಬಹುದು, ಪ್ರಾರ್ಥನೆಯೇ ಬೇಕಾಗುವಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ ಎಂಬ ರೋಗಿಯ ಆತಂಕವೂ ಇರಬಹುದು.

ಈ ಅಂಕಿಗಳಿಂದ ದೇವರಿಲ್ಲ ಎಂದು ತೀರ್ಮಾನಿಸುವವರು ಅವಸರ ಮಾಡುತ್ತಾರೆ. ದೇವರು ಪ್ರಯೋಗಕ್ಕೆ ಬಗ್ಗುವವನಲ್ಲ ಎಂದು ಭಕ್ತರು ಹೇಳಿದರೆ ಅದಕ್ಕೆ ಎದುರುತ್ತರವಿಲ್ಲ. ದೂರದ ಅಪರಿಚಿತರು ಪ್ರಾರ್ಥಿಸಿದರೆ ಬೈಪಾಸ್ ರೋಗಿಗೆ ತೊಡಕು ಕಡಿಮೆಯಾಗುತ್ತದೆ ಎಂಬ ನಿರ್ದಿಷ್ಟ ಮಾತು ಮಾತ್ರ ಬಿದ್ದುಹೋಯಿತು. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಪುಣೆಯಲ್ಲಿ ಜಾತಕಗಳ ಮೇಲೆ ನಡೆಸಿದ ಪರೀಕ್ಷೆಯೂ ಇದೇ ಜಾತಿಯದು. ಬುದ್ಧಿವಂತ ವಿದ್ಯಾರ್ಥಿಗಳ 100 ಜಾತಕ, ಬುದ್ಧಿಮಾಂದ್ಯ ಮಕ್ಕಳ 100 ಜಾತಕ ಸೇರಿಸಿ, ಪ್ರತಿ ಜ್ಯೋತಿಷಿಗೂ 40ರಂತೆ ಕೊಟ್ಟು ಯಾವುದು ಯಾರದೆಂದು ಕೇಳಿದರು. ಉತ್ತರ ಕಳಿಸಿದ 27 ಜ್ಯೋತಿಷಿಗಳ ಸರಾಸರಿ ಶೇ 46. ನಾಣ್ಯ ಚಿಮ್ಮಿದರೂ ಶೇ 50ರ ಹತ್ತಿರ ಬರುತ್ತದೆ. ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ 2009ರಲ್ಲಿ ಇದನ್ನು ಪ್ರಕಟಿಸಿತು.

ಆದರೂ ನಂಬುತ್ತೇವೆ. 1948ರಲ್ಲಿ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಿಗೆ ಅವು ಏನೇ ಮಾಡಲಿ, ನಿಗದಿತ ಅಂತರದಲ್ಲಿ ತಾನಾಗಿ ಕಾಳು ಬೀಳುವಂತೆ ಮಾಡಿದರು. ಎಂಟರಲ್ಲಿ ಆರು ಪಾರಿವಾಳಗಳು ವಿಚಿತ್ರ ಆಚರಣೆಗಳನ್ನು ಬೆಳೆಸಿಕೊಂಡವು. ಒಂದು ಸುತ್ತು ಹಾಕತೊಡಗಿತು, ಇನ್ನೊಂದು ತಲೆಯನ್ನು ಗೂಡಿನ ಮೂಲೆಗೆ ಚಾಚತೊಡಗಿತು. ಕಾಳು ಬಿದ್ದಾಗ ಏನು ಮಾಡುತ್ತಿದ್ದವೋ ಅದರಿಂದಲೇ ಕಾಳು ಬಂತೆಂಬಂತೆ ನಡೆದುಕೊಂಡವು. ನಮ್ಮ ಮಿದುಳೂ ಕಾಕತಾಳೀಯದಲ್ಲಿ ಕಾರಣ ಹುಡುಕುತ್ತದೆ, ಮತ್ತು ಬಹುಪಾಲು ಸಂದರ್ಭಗಳಲ್ಲಿ ಆ ಗುಣವೇ ನಮ್ಮನ್ನು ಉಳಿಸಿದೆ. ಆದ್ದರಿಂದ ನಂಬುವವರನ್ನು ದಡ್ಡರೆನ್ನುವುದು ತಪ್ಪು. ಅವರು ಮನುಷ್ಯರು, ಅಷ್ಟೇ.

ಗೆರೆಯ ಆಚೆಗೆ ಏನು ಉಳಿಯುತ್ತದೆ? ಬಹಳ ಉಳಿಯುತ್ತದೆ. ಏನೂ ಇಲ್ಲದಿರುವ ಬದಲು ಈ ವಿಶ್ವ ಏಕಿದೆ, ಪ್ರಕೃತಿಗೆ ನಿಯಮಗಳೇ ಏಕಿರಬೇಕು ಎಂಬುದಕ್ಕೆ ಯಾರ ಬಳಿಯೂ ಪ್ರಯೋಗವಿಲ್ಲ. ಇಂಥ ಕಡೆ ಖಚಿತವಾಗಿ ಗೊತ್ತೆಂದು ನಟಿಸಬಾರದು ಎಂಬ ನಿಲುವಿಗೆ 1869ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ಅಜ್ಞೇಯವಾದವೆಂದು ಹೆಸರಿಟ್ಟ. ನಿಲುವು ಮಾತ್ರ ಬಹಳ ಹಳೆಯದು. ಸೃಷ್ಟಿ ಹೇಗಾಯಿತೆಂದು ಮೇಲಿನಿಂದ ನೋಡುತ್ತಿರುವವನಿಗಾದರೂ ತಿಳಿದಿದೆಯೋ ಇಲ್ಲವೋ ಎಂಬ ಸಂದೇಹದೊಂದಿಗೆ ಋಗ್ವೇದದ ನಾಸದೀಯ ಸೂಕ್ತ ಮುಗಿಯುತ್ತದೆ. ಕನ್ನಡಕ್ಕೆ ಬಂದರೆ, ‘ವಿಜ್ಞಾನ ಪ್ರಪಂಚ’ದಂಥ ಸಂಪುಟಗಳನ್ನು ಒಬ್ಬರೇ ಬರೆದ ಶಿವರಾಮ ಕಾರಂತರು 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ದೇವರುಗಳು ಮನುಷ್ಯನ ಜೊತೆಜೊತೆಗೇ ಬೆಳೆದು ಬಂದ ಕಥೆಯನ್ನು ಒಬ್ಬ ಹಳ್ಳಿಯ ಅಜ್ಜಿಯ ಬಾಯಲ್ಲಿ ಆಡಿಸಿದರು. ಎ.ಎನ್. ಮೂರ್ತಿರಾಯರು ತೊಂಬತ್ತು ದಾಟಿದ ವಯಸ್ಸಿನಲ್ಲಿ ‘ದೇವರು’ ಎಂಬ ಪುಸ್ತಕ ಬರೆದು, ತಮಗೇಕೆ ನಂಬಲಾಗುತ್ತಿಲ್ಲ ಎಂಬುದನ್ನು ಯಾರ ಮನಸ್ಸೂ ನೋಯದಂಥ ಗದ್ಯದಲ್ಲಿ ವಿವರಿಸಿದರು. ಕನ್ನಡದಲ್ಲಿ ಸಂದೇಹ ಎಂದೂ ಹೊರಗಿನವರ ಸರಕಾಗಿರಲಿಲ್ಲ.

ಆದರೂ ಅದಕ್ಕೆ ಬೆಲೆ ತೆರಬೇಕಾಯಿತು. ಮಹಾರಾಷ್ಟ್ರದಲ್ಲಿ ಮೂಢನಂಬಿಕೆ ವಿರೋಧಿ ಕಾನೂನಿಗಾಗಿ ವರ್ಷಗಟ್ಟಲೆ ದುಡಿದ ನರೇಂದ್ರ ದಾಭೋಲ್ಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ, ಸಂಶೋಧಕ ಎಂ.ಎಂ. ಕಲಬುರ್ಗಿ 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ಕರ್ನಾಟಕದ ಶಾಸನಸಭೆ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕಾನೂನನ್ನು ಅಂಗೀಕರಿಸಿತು, 2020ರಲ್ಲಿ ಅದು ಜಾರಿಗೆ ಬಂತು. ಪೂಜೆ, ಭಜನೆ, ಪ್ರದಕ್ಷಿಣೆ, ಯಾತ್ರೆಗಳನ್ನು ಆ ಕಾನೂನು ಮುಟ್ಟುವುದಿಲ್ಲ. ದೇವರಿದ್ದಾನೆಯೇ ಇಲ್ಲವೇ ಎಂಬುದಕ್ಕೆ ಕೈ ಹಾಕುವುದಿಲ್ಲ. ಹಾವು, ಚೇಳು, ನಾಯಿ ಕಚ್ಚಿದವರಿಗೆ ಆಸ್ಪತ್ರೆ ತಪ್ಪಿಸಿ ಮಂತ್ರ ಹಾಕುವುದು, ದಾರ ಕಟ್ಟುವುದು ಅಪರಾಧ ಎನ್ನುತ್ತದೆ. ಎಚ್ಚೆನ್ ಎಳೆದ ಗೆರೆ ಇಲ್ಲಿ ಮತ್ತೆ ಕಾಣುತ್ತದೆ.

ಹಾವಿನ ಮಂತ್ರಕ್ಕೆ ಇಷ್ಟು ಹೆಸರು ಏಕೆ ಬಂತೆಂದರೆ, ಅದು ಹೆಚ್ಚಿನ ಸಲ ‘ಫಲಿಸುತ್ತದೆ’. ನಮ್ಮಲ್ಲಿನ ಹೆಚ್ಚಿನ ಹಾವುಗಳಿಗೆ ವಿಷವಿಲ್ಲ. ವಿಷದ ಹಾವೂ ಒಮ್ಮೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಇಂಥ ಕಡಿತಕ್ಕೆ ಸಿಕ್ಕವರೆಲ್ಲ ಮಂತ್ರವಿಲ್ಲದೆಯೂ ಬದುಕುವವರು. ಬದುಕಿದವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ, ಸತ್ತವರು ಹೇಳಲಾರರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಿಜಕ್ಕೂ ವಿಷ ಬಿಟ್ಟಿದ್ದರೆ ಪ್ರತಿವಿಷದ ಇಂಜೆಕ್ಷನ್ ಬೇಕು, ಅದೂ ಬೇಗ ಬೇಕು. ಮನೆಯಲ್ಲಿ ಅಜ್ಜಿ ದೀಪ ಹಚ್ಚಿ ಕೈಮುಗಿದು ಕೂತಿರಲಿ, ಆಟೊ ಮಾತ್ರ ಆಸ್ಪತ್ರೆಗೆ ಹೊರಡಲಿ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿದೆ. ನೇರವಾಗಿ ಬಂದವರೆಷ್ಟು, ಮಂತ್ರ ಹಾಕಿಸಿಕೊಂಡು ತಡವಾಗಿ ಬಂದವರೆಷ್ಟು, ಇಬ್ಬರಲ್ಲಿ ಉಳಿದವರೆಷ್ಟು ಎಂದು ಬರೆದುಕೊಳ್ಳಲು ಆ ವರದಿಯ ನಮೂನೆಯಲ್ಲಿ ಒಂದು ಕಾಲಂ ಇರಬೇಕು, ಐದು ವರ್ಷದ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿ ಪ್ರತಿ ಗ್ರಾಮ ಪಂಚಾಯಿತಿಗೂ ಕಳಿಸಬೇಕು ಎಂದು ನಾನು ಕೇಳುತ್ತೇನೆ.